‘ಬತ್ತೀನಿ’ ಅಂತ ಹೇಳಿ ಉಗಾಂಡಕ್ಕೆ

ಅರಸೀಕೆರೆ

ನಮ್ಮ ಕಡೆ ಮನೆಯಿಂದ ಹೊರಡುವವನು ‘ಹೋಗ್ತೀನಿ’ ಅಂದರೆ ಬೆನ್ನ ಮೇಲೆ ಒಂದು ಬೀಳುತ್ತದೆ. ಸಂತೆಗೆ ಹೋಗುವವನೂ ‘ಬತ್ತೀನಿ’ ಅನ್ನಬೇಕು, ಸೈನ್ಯಕ್ಕೆ ಹೋಗುವವನೂ ‘ಬತ್ತೀನಿ’ ಅನ್ನಬೇಕು. ಒಂದೇ ಒಂದು ಕಡೆ ಈ ಮಾತು ಆಡುವಂತಿಲ್ಲ. ಸಾವಿನ ಮನೆಗೆ ಹೋದವರು ಹೊರಡುವಾಗ ಬಾಯಿ ಬಿಡಕೂಡದು. ತಲೆ ತಗ್ಗಿಸಿ, ಚಪ್ಪಲಿ ಹುಡುಕಿಕೊಂಡು, ಸುಮ್ಮನೆ ಎದ್ದು ಬರಬೇಕು. ‘ಬತ್ತೀನಿ’ ಅಂದರೆ ಇಂಥದ್ದೇ ಇನ್ನೊಂದಕ್ಕೆ ಬರುತ್ತೇನೆ ಅಂದ ಹಾಗಾಗುತ್ತದೆ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಆದರೂ ಎಲ್ಲರಿಗೂ ಗೊತ್ತಿರುತ್ತದೆ. ಪರದೇಶದ ಕಥೆ ಹೇಳಲು ಕೂತವನು ಇದನ್ನೇಕೆ ಮೊದಲು ಎತ್ತಿಕೊಂಡ ಅಂತ ಕೇಳಬೇಡಿ. ಉಗಾಂಡಕ್ಕೆ ಹೋಗಿ ಬರುವವರೆಗೂ ನನ್ನ ತಲೆಯೊಳಗೆ ಇದ್ದದ್ದು ಈ ಒಂದೇ ಮಾತು.

ನಾನು ಮಲ್ಲೇಶ. ಗಂಡು ನರ್ಸು. ಹಳ್ಳಿಗಳಲ್ಲಿ ಹೆಣ್ಣು ನರ್ಸನ್ನು ಸಿಸ್ಟ್ರಮ್ಮ ಅನ್ನುತ್ತಾರಲ್ಲ, ಹಾಗೆ ನನ್ನನ್ನು ಸಿಸ್ಟ್ರಪ್ಪ ಅನ್ನುತ್ತಾರೆ. ತಂಗಿಯೂ ನಾನೇ, ಅಪ್ಪನೂ ನಾನೇ. ಮೊದಮೊದಲು ಉರಿದು ಬೀಳುತ್ತಿದ್ದೆ, ಈಗ ಹಾಗೆ ಕರೆಯದಿದ್ದರೆ ತಿರುಗಿಯೂ ನೋಡುವುದಿಲ್ಲ. ನನ್ನ ಕೆಲಸ ಪ್ಯಾಲಿಯೇಟಿವ್ ಕೇರ್. ಅಂದರೆ ವಾಸಿಯಾಗದ ಕಾಯಿಲೆಯವರ ನೋವು ಕಡಿಮೆ ಮಾಡಿ, ಕೊನೆಯ ದಿನಗಳನ್ನು ಅವರವರ ಮನೆಯಲ್ಲೇ ನೆಮ್ಮದಿಯಾಗಿ ಕಳೆಯುವಂತೆ ನೋಡಿಕೊಳ್ಳುವುದು. ಈ ಪದ ಹಾರನಹಳ್ಳಿ ತಲುಪುವಷ್ಟರಲ್ಲಿ ಪಲ್ಯ ಆಗಿರುತ್ತದೆ. ‘ಪಲ್ಯದ ಸಿಸ್ಟ್ರಪ್ಪ ಬಂದವ್ರೆ, ಕುರ್ಚಿ ಹಾಕ್ರೋ’ ಅನ್ನುತ್ತಾರೆ. ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯ ನರ್ಸುಗಳಿಗೆ, ಆಶಾ ಕಾರ್ಯಕರ್ತೆಯರಿಗೆ ಈ ಪಲ್ಯ ಮಾಡುವುದು ಹೇಗೆಂದು ತರಬೇತಿ ಕೊಡುವವನೂ ನಾನೇ.

ತರಬೇತಿಯಲ್ಲಿ ಒಂದು ಪಾಠವಿದೆ: ರೋಗಿಗೆ ಸುಳ್ಳು ಭರವಸೆ ಕೊಡಬಾರದು. ಹಳೇಬೀಡಿನ ಚೈತ್ರಾ ಎಂಬ ಹೊಸ ನರ್ಸು ಆ ಪಾಠವನ್ನು ಚೆನ್ನಾಗಿ, ಬೇಕಾದ್ದಕ್ಕಿಂತ ಚೆನ್ನಾಗಿ ಕಲಿತಳು. ಬಿಕ್ಕೋಡಿನ ಹತ್ತಿರದ ಕಾಫಿ ತೋಟದಲ್ಲಿ ಕೂಲಿಯವರು ಸಾಲಾಗಿ ವಾಸಿಸುವ ಲೈನು ಮನೆಗೆ ಅವಳನ್ನು ಮೊದಲ ಸಲ ಒಬ್ಬಳೇ ಕಳಿಸಿದ್ದೆ. ಅಲ್ಲಿದ್ದ ರೋಗಿ ದೇವೀರಮ್ಮ, ತೋಟದಲ್ಲಿ ಹಣ್ಣು ಕೊಯ್ಯುತ್ತಿದ್ದ ಹೆಂಗಸು. ಎದೆಯ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಅಫೀಮಿನಿಂದ ತಯಾರಾಗುವ ಮಾರ್ಫಿನ್ ಮಾತ್ರೆ ಇದ್ದರೆ ಕೂತು ಮಾತಾಡುತ್ತಿದ್ದರು, ಇಲ್ಲದಿದ್ದರೆ ಮಗ್ಗುಲು ಬದಲಿಸಲೂ ಆಗುತ್ತಿರಲಿಲ್ಲ.

ಚೈತ್ರಾ ಎಲ್ಲ ಕೆಲಸ ಸರಿಯಾಗಿ ಮಾಡಿದ್ದಾಳೆ. ಹೊರಡುವಾಗ ಬಾಯಿಗೆ ‘ಬರ್ತೀನಿ’ ಬಂದಿದೆ. ಅಯ್ಯೋ, ಮುಂದಿನ ಸಲದ ಹೊತ್ತಿಗೆ ಇವರಿರುತ್ತಾರೋ ಇಲ್ಲವೋ, ಇದು ಸುಳ್ಳು ಭರವಸೆ ಆಗುತ್ತಲ್ಲ ಅಂತ ನುಂಗಿದ್ದಾಳೆ. ‘ಹೋಗ್ತೀನಿ’ ಅನ್ನಲು ನಾಲಿಗೆ ಏಳಲಿಲ್ಲ. ಕೊನೆಗೆ ಬ್ಯಾಗು ಎತ್ತಿಕೊಂಡು, ತಲೆ ತಗ್ಗಿಸಿ, ಚಪ್ಪಲಿ ಹುಡುಕಿಕೊಂಡು, ಸುಮ್ಮನೆ ಎದ್ದು ಬಂದಿದ್ದಾಳೆ.

ಲೈನಿನ ಹೆಂಗಸರು ಜಗಲಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು. ನರ್ಸು ಮಾತಾಡದೆ ಹೋದಳು. ಅದಕ್ಕಿರುವ ಅರ್ಥ ಒಂದೇ. ಒಬ್ಬಳು ಬಾಯಿಗೆ ಸೆರಗು ಹಾಕಿದಳು, ಇನ್ನೊಬ್ಬಳು ಎದೆ ಬಡಿದುಕೊಂಡಳು, ಆಮೇಲೆ ಇಡೀ ಲೈನೇ ಗೊಳೋ ಅಂತು. ಒಳಗಿನಿಂದ ದೇವೀರಮ್ಮ, ‘ಯಾರ್ರೇ ಸತ್ತಿದ್ದು?’ ಅಂತ ಕೇಳಿದರಂತೆ.

ಅಷ್ಟರಲ್ಲಿ ಅವರ ತಮ್ಮ ಚಂದ್ರ ಜೀಪು ಓಡಿಸಿಕೊಂಡು ಬಂದಿದ್ದಾನೆ. ತಾಯಿ ಇಲ್ಲದ ಅವನನ್ನು ಸಾಕಿದವರು ದೇವೀರಮ್ಮನೇ. ತಿರುವಿನಲ್ಲೇ ಅಳು ಕೇಳಿಸಿ, ಜೀಪು ಅಲ್ಲೇ ಬಿಟ್ಟು ಓಡಿದನಂತೆ. ಅಕ್ಕ ಬದುಕಿರುವುದನ್ನು ಕಂಡ ಮೇಲೆ ಅವನಿಗೆ ಬಂದ ಸಿಟ್ಟು ಇಳಿಯಲೇ ಇಲ್ಲ. ಮರುದಿನ ನಾನೇ ಹೋದೆ. ಬಾಗಿಲಿಗೆ ಅಡ್ಡ ನಿಂತ.

‘ಬದುಕಿರೋಳುನ್ನ ಸಾಯಿಸ್ಬುಟ್ರಲ್ಲ ಸಾರ್. ನೀವು ಬಂದ್ರೆ ಯಮ ಬಂದಂಗೆ ಅಂತಾವ್ರೆ ಎಲ್ರೂವೆ. ನಮ್ಮಕ್ಕಂಗೆ ತನ್ ಕಾಯಿಲೆ ಏನೂಂತ ಗೊತ್ತಿಲ್ಲ, ಗೊತ್ತಾಗಕೂ ಕೂಡ್ದು. ಇನ್ ಬರಬ್ಯಾಡಿ.’

‘ಮಾತ್ರೆ ಮುಗಿದರೆ ನೋವು ತಡೆಯೋಕಾಗಲ್ಲ ಚಂದ್ರಣ್ಣ’ ಅಂದೆ.

‘ನಾವ್ ನೋಡ್ಕತ್ತೀವಿ’ ಅಂದು ಬಾಗಿಲು ಹಾಕಿಕೊಂಡ.

ಅವರ ಮನೆಯಲ್ಲಿ ಉಳಿದಿದ್ದ ಮಾತ್ರೆ ನಾನು ಪರದೇಶದಿಂದ ಬರುವವರೆಗೆ ಸಾಲುತ್ತಿರಲಿಲ್ಲ. ನನ್ನ ಟಿಕೆಟ್ಟು ಆಗಲೇ ಬಂದಾಗಿತ್ತು. ತರಬೇತಿ ಕೊಡುವವರಿಗೇ ತರಬೇತಿ ಕೊಡುವ ಶಿಬಿರ, ಉಗಾಂಡದಲ್ಲಿ. ದೇವೀರಮ್ಮನವರ ಮುಚ್ಚಿದ ಬಾಗಿಲು ನೋಡಿಕೊಂಡು ಬಂದವನಿಗೆ ಖುಷಿ ಎಲ್ಲಿಂದ ಬರಬೇಕು? ಚೈತ್ರಾ ಸ್ಟೇಷನ್ನಿಗೆ ಬಂದು ಅಳುತ್ತ ನಿಂತಳು. ರೈಲು ಅಲುಗಿದಾಗ ಅವಳಿಗೆ ‘ಬತ್ತೀನಿ ಕಣಮ್ಮ’ ಅಂತ ಕೂಗಿ ಹೇಳಿದೆ. ಹೇಳಿದ ಮೇಲೆ ನನಗೇ ನಗು ಬಂತು.

ಎಂಟೆಬ್ಬೆ

ವಿಮಾನ ಇಳಿದ ಕೂಡಲೇ ಮೊದಲ ಗ್ರಹಚಾರ. ಉಗಾಂಡಕ್ಕೆ ಹೋಗುವವರು ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡ ಕಾರ್ಡು ತೋರಿಸಬೇಕು. ಊರವರ ಕೈಗೆಲ್ಲ ಸೂಜಿ ಚುಚ್ಚುವ ನಾನು ನನ್ನ ಕಾರ್ಡನ್ನು ಜೋಪಾನ ಮಾಡಿ ದೊಡ್ಡ ಪೆಟ್ಟಿಗೆಯ ತಳದಲ್ಲಿಟ್ಟಿದ್ದೆ. ಪೆಟ್ಟಿಗೆ ಒಳಗಡೆ, ನಾನು ಹೊರಗಡೆ. ಸಮವಸ್ತ್ರದ ಅಧಿಕಾರಿಣಿಯ ಮುಂದೆ ನಿಂತು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ನನ್ನ ಕಷ್ಟ ಹೇಳಿಕೊಂಡೆ.

ಆಕೆ ಎಲ್ಲ ಕೇಳಿ, ‘ಹೇಗಿದ್ದೀರಿ?’ ಅಂದರು.

‘ಚೆನ್ನಾಗಿದ್ದೀನಿ. ಮೇಡಂ, ನನ್ನ ಕಾರ್ಡು...’

‘ನಾನು ಹೇಗಿದ್ದೀನಿ ಅಂತ ನೀವು ಕೇಳಲೇ ಇಲ್ಲ.’

ನನ್ನ ಮುಖ ಸಪ್ಪೆಯಾಯಿತು. ಕೇಳಿದೆ. ಅವರು ಚೆನ್ನಾಗಿದ್ದರು. ರಾತ್ರಿ ಹೇಗೆ ಕಳೆಯಿತು ಅಂತ ನನ್ನನ್ನು ಕೇಳಿದರು, ನಾನೂ ಕೇಳಿದೆ. ಮನೆಯವರೆಲ್ಲ ಹೇಗಿದ್ದಾರೆ, ಅದೂ ಆಯಿತು. ಹಿಂದೆ ಸಾಲಿನಲ್ಲಿದ್ದ ಬಿಳಿಯರು ಕಾಲು ಬದಲಿಸುತ್ತಿದ್ದರು, ಆಕೆಗೆ ಅದರ ಪರಿವೆಯೇ ಇಲ್ಲ. ಕುಶಲ ಮುಗಿದ ಮೇಲೆ ಒಬ್ಬನನ್ನು ಜೊತೆಮಾಡಿ ಪೆಟ್ಟಿಗೆ ತರಲು ಕಳಿಸಿದರು. ನಮ್ಮ ಊರುಗಳಲ್ಲೂ ‘ಊಟ ಆಯ್ತಾ’ ಅಂತ ಕೇಳದೆ ಯಾರೂ ವಿಷಯಕ್ಕೆ ಬರುವುದಿಲ್ಲ ನಿಜ. ಆದರೆ ವಿಮಾನ ನಿಲ್ದಾಣದಲ್ಲಿ ಅದನ್ನು ಕೇಳುವ ಧೈರ್ಯ ನಮಗೆ ಯಾವತ್ತೂ ಬಂದಿಲ್ಲ.

ಪೆಟ್ಟಿಗೆ ತೆಗೆದಾಗ ಎರಡನೆಯ ಗ್ರಹಚಾರ. ಅಮ್ಮ ಕಟ್ಟಿಕೊಟ್ಟಿದ್ದ ಚಟ್ನಿಪುಡಿಯ ಪೊಟ್ಟಣ ಕಣ್ಣಿಗೆ ಬಿತ್ತು.

‘ಇದೇನು ಪುಡಿ? ನಿಮ್ಮ ಕೆಲಸ ಏನು?’

‘ನರ್ಸು. ಮಾರ್ಫಿನ್ ಕೊಡೋ ಕೆಲಸ’ ಅಂದುಬಿಟ್ಟೆ. ನನ್ನ ಬಾಯಿಗೆ ಬೀಗ ಹಾಕಬೇಕು! ಜೊತೆಗೆ ಬಂದವನ ಹುಬ್ಬು ಮೇಲೇರಿತು. ‘ತಿಂದು ನೋಡಿ ಸಾರ್, ತಿನ್ನೋದು, ತಿನ್ನೋದು’ ಅಂತ ಕೈಬಾಯಿ ಸನ್ನೆ ಮಾಡಿದೆ. ಅವನು ಬೆರಳು ಅದ್ದಿ ನೆಕ್ಕಿದ. ಬ್ಯಾಡಗಿ ಮೆಣಸಿನಕಾಯಿಗೆ ನಮ್ಮಮ್ಮ ಗುಂಟೂರನ್ನೂ ಬೆರೆಸುತ್ತಾರೆ. ಕೆಮ್ಮಿ ಕೆಮ್ಮಿ ಕಣ್ಣೀರು ಒರೆಸಿಕೊಂಡು, ‘ಇದನ್ನು ರೋಗಿಗಳಿಗೆ ಕೊಡಬೇಡಿ’ ಅಂತ ಹೇಳಿ ಬಿಟ್ಟುಕೊಟ್ಟ.

ಕಂಪಾಲ

ಇಲ್ಲಿನ ಕೆಂಪು ಮಣ್ಣು ಬಿಳಿ ಪ್ಯಾಂಟಿಗೆ ಅಂಟಿಕೊಂಡ ರೀತಿ ನೋಡಿದರೆ ಹಾರನಹಳ್ಳಿ ರಸ್ತೆಯೇ ಎದ್ದು ನನ್ನ ಹಿಂದೆ ಬಂದಿದೆ ಅನ್ನಿಸಿತು. ತಟ್ಟೆಯಲ್ಲಿ ಬೇಯಿಸಿ ಹಿಸುಕಿದ ಬಾಳೆಕಾಯಿ. ನಮಗೆ ಮುದ್ದೆ ಹೇಗೋ ಅವರಿಗೆ ಅದು ಹಾಗೆ, ಅದಿಲ್ಲದಿದ್ದರೆ ಊಟ ಮಾಡಿಲ್ಲ ಅನ್ನುತ್ತಾರೆ. ಪಕ್ಕದಲ್ಲಿ ಟೊಮೇಟೊ ಈರುಳ್ಳಿ ಹೆಚ್ಚಿ ಕಲಸಿದ್ದು. ಹೆಸರೇನು ಅಂದರೆ ‘ಕಚುಂಬರಿ’. ನಾನು ‘ಕೋಸಂಬರಿ!’ ಅಂತ ಕೂಗಿದೆ. ‘ಚಪಾತಿ’ ಕೂಡ ಅವರದೇ ಅಂದರು. ಅದರ ಮೇಲೆ ಜಗಳವಾಡಬೇಕೆನಿಸಿತು, ಆದರೆ ಮೊಟ್ಟೆ ಸುತ್ತಿ ಕೊಟ್ಟ ಚಪಾತಿ ಬಹಳ ರುಚಿಯಾಗಿತ್ತು. ಬಾಯಿ ತುಂಬಿದವನು ಹೇಗೆ ಜಗಳವಾಡುತ್ತಾನೆ?

ನಮಗೆ ಕಲಿಸುವವರಲ್ಲಿ ಮುಖ್ಯರಾದವರು ಒಬ್ಬ ಹಿರಿಯ ನರ್ಸು. ಹೆಸರು ನಮುಬಿರು. ನನ್ನ ಬಾಯಲ್ಲಿ ಅದು ಮೊದಲ ದಿನವೇ ‘ನಮ್ಮ ಬೀರು’ ಆಯಿತು. ಆಕೆ ಕೇಳಿಸಿಕೊಂಡು, ‘ನೀವು ನನ್ನ ಹೆಸರಿನ ಜೊತೆ ಏನೋ ಸೇರಿಸುತ್ತಿದ್ದೀರಿ, ಅರ್ಥ ಏನು?’ ಅಂದರು. ಬೀರು ಅಂದರೆ ನಮ್ಮಲ್ಲಿ ಕಬ್ಬಿಣದ ಕಪಾಟು, ಮದುವೆ ಸೀರೆ, ಒಡವೆ, ಮನೆಪತ್ರ ಎಲ್ಲ ಅದರೊಳಗೇ ಇರುತ್ತದೆ, ನಿಮ್ಮ ಹೆಸರಿನ ಅರ್ಥ ‘ನಮ್ಮ ಮನೆಯ ಕಪಾಟು’ ಅಂದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಬೀಗದ ಕೈ ಯಾರ ಹತ್ತಿರ ಇದೆ?’ ಅಂತ ಮರುದಿನದಿಂದ ತಾವೇ ಕೇಳತೊಡಗಿದರು.

ಆ ದೇಶದಲ್ಲಿ ತರಬೇತಿ ಪಡೆದ ನರ್ಸುಗಳೇ ಮಾರ್ಫಿನ್ ಬರೆದುಕೊಡಬಹುದು. ಅದನ್ನು ಬಣ್ಣ ಬೆರೆಸಿದ ನೀರೌಷಧವಾಗಿ ಬಾಟಲಿಯಲ್ಲಿ ಕೊಡುತ್ತಾರೆ. ನಮ್ಮಲ್ಲಿ ಡಾಕ್ಟರ ಸಹಿಗಾಗಿ ಎಷ್ಟು ಅಲೆಯುತ್ತೇವೆಂದು ನೆನೆದು ನನಗೆ ಹೊಟ್ಟೆಯುರಿ ಬಂತು, ಬಂದದ್ದನ್ನು ಮುಚ್ಚಿಡುವುದಿಲ್ಲ.

ಒಂದು ಮಧ್ಯಾಹ್ನ ನಾಟಕದ ಪಾಠ. ಒಬ್ಬರು ರೋಗಿ, ಒಬ್ಬರು ನರ್ಸು. ನರ್ಸು ಕೊನೆಯ ಭೇಟಿ ಮುಗಿಸಿ ವಿದಾಯ ಹೇಳಿ ಹೊರಡಬೇಕು. ನನ್ನ ಸರದಿ ಬಂತು. ಎಲ್ಲ ಚೆನ್ನಾಗಿ ಮಾಡಿ, ಎದ್ದು, ‘ಐ ಆಮ್ ಕಮಿಂಗ್’ ಅಂತ ಹೇಳಿ ಬಾಗಿಲಾಚೆ ಹೋದೆ.

ಸ್ಕಾಟ್ಲೆಂಡಿನಿಂದ ಬಂದಿದ್ದ ಉಪನ್ಯಾಸಕಿ ಕಾದರು. ಮತ್ತೂ ಕಾದರು. ಆಮೇಲೆ, ‘ಅವರು ಬರುತ್ತೇನೆ ಅಂದರಲ್ಲ, ಎಲ್ಲಿ ಹೋದರು?’ ಅಂತ ಕೇಳಿದರು. ಉಗಾಂಡದವರು ಬಿದ್ದು ಬಿದ್ದು ನಗುತ್ತಿದ್ದರು. ನನ್ನನ್ನು ನೋಡಿ ಅಲ್ಲ, ಆಕೆಯನ್ನು ನೋಡಿ. ಅವರೂ ಎದ್ದು ಹೋಗುವಾಗ ‘ಐ ಆಮ್ ಕಮಿಂಗ್’ ಅಂತಲೇ ಹೇಳುತ್ತಾರಂತೆ! ಅವತ್ತಿನಿಂದ ನಾನು ಅವರಿಗೆ ನೆಂಟನಾದೆ.

ಆದರೆ ಉಪನ್ಯಾಸಕಿ ಬಿಡಲಿಲ್ಲ. ‘ಸಾಯುತ್ತಿರುವವರ ಹತ್ತಿರ ವಿದಾಯ ಹೇಳಲೇಬೇಕು. ನಿಮ್ಮ ಭಾಷೆಯಲ್ಲಿ ಅದಕ್ಕೆ ಏನು ಹೇಳುತ್ತೀರಿ?’ ಅಂದರು. ನಾನು ಬಾಯಿ ತೆರೆದೆ. ‘ಬರ್ತೀನಿ’ ಬಿಟ್ಟು ಬೇರೇನೂ ಹೊಳೆಯಲಿಲ್ಲ. ಪುಸ್ತಕದಲ್ಲಿ ವಿದಾಯ ಅಂತ ಇದೆ, ಶಾಲೆಯ ಬೀಳ್ಕೊಡುಗೆ ಸಮಾರಂಭದಲ್ಲಿ ಇದೆ. ಅಮ್ಮನಿಗೆ, ಹೆಂಡತಿಗೆ, ದೇವೀರಮ್ಮನಂಥವರಿಗೆ ಯಾರಾದರೂ ‘ವಿದಾಯ’ ಅಂತ ಹೇಳಿದ್ದಾರೆಯೇ? ‘ಇಲ್ಲ ಮೇಡಂ, ನಮ್ಮಲ್ಲಿ ಆ ಪದ ಇಲ್ಲ’ ಅಂದು ಕೂತೆ. ನನ್ನ ಮೇಲೇ ನನಗೆ ಸಿಟ್ಟು ಬಂತು.

ಆ ಸಂಜೆ ಚೈತ್ರಾ ಫೋನು ಮಾಡಿದಳು.

‘ಸರ್, ಬಿಕ್ಕೋಡಿಗೆ ಹೋಗಿದ್ದೆ ಸರ್. ಬಾಗ್ಲು ತೆಗೀಲೇ ಇಲ್ಲ. ಮಾತ್ರೆ ಮುಗ್ದಿದೆ ಅನ್ಸುತ್ತೆ ಸರ್. ಒಳಗಡೆಯಿಂದ ನರಳೋದು ಕೇಳಿಸ್ತಾ ಇತ್ತು.’

‘ಚಂದ್ರ ಏನಂದ?’

‘ನೀನು ಒಂದು ಮಾತೂ ಆಡ್ದೆ ಹೋದೋಳು, ಈಗ್ಲೂ ಹಂಗೇ ಹೋಗು ಅಂದ್ರು ಸರ್.’

ಬೇಲೂರಿನ ಡಾಕ್ಟರಿಗೆ ಫೋನು ಮಾಡಿ, ಅವರಾದರೂ ಚಂದ್ರನ ಹತ್ತಿರ ಮಾತಾಡಲಿ ಅಂತ ಬೇಡಿಕೊಂಡೆ. ಅವರು ಮಾತಾಡಿದರು. ಚಂದ್ರ ಅವರಿಗೂ ‘ನಾವ್ ನೋಡ್ಕತ್ತೀವಿ’ ಅಂದನಂತೆ.

ಮಸಾಕಾ ದಾರಿ

ನಮುಬಿರು ನನ್ನನ್ನು ಮಸಾಕಾ ಕಡೆಯ ಹಳ್ಳಿಯೊಂದಕ್ಕೆ ಮನೆಭೇಟಿಗೆ ಕರೆದುಕೊಂಡು ಹೋದರು. ದಾರಿಯಲ್ಲಿ ಭೂಮಧ್ಯರೇಖೆ ಬಂತು. ರಸ್ತೆಗೆ ಅಡ್ಡ ಗೆರೆ ಎಳೆದು, ದುಂಡನೆಯ ಕಮಾನು ಕಟ್ಟಿದ್ದಾರೆ. ಜನ ಆಚೆ ಒಂದು ಕಾಲು, ಈಚೆ ಒಂದು ಕಾಲು ಇಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನೂ ತೆಗೆಸಿಕೊಂಡೆ. ಎರಡು ದೋಣಿಯಲ್ಲಿ ಕಾಲಿಡಬಾರದು ಅಂತ ನಮ್ಮಪ್ಪ ಹೇಳುತ್ತಿದ್ದರು, ಎರಡು ಗೋಳಾರ್ಧದ ಬಗ್ಗೆ ಏನೂ ಹೇಳಿರಲಿಲ್ಲ.

ಹಳ್ಳಿಯ ಮನೆಯ ಅಂಗಳದಲ್ಲಿ ಕಾಫಿ ಹಣ್ಣು ಹರಡಿ ಒಣಗಹಾಕಿದ್ದರು. ಕೋಳಿಗಳು ಅದರ ಸುತ್ತ ಓಡಾಡುತ್ತಿದ್ದವು. ಬಿಕ್ಕೋಡಿನ ಕಣವೇ ಸರಿ. ಒಳಗೆ ಚಾಪೆಯ ಮೇಲೆ ಒಬ್ಬ ಮುದುಕಿ ದಿಂಬಿಗೆ ಒರಗಿ ಕೂತಿದ್ದರು. ಎಲ್ಲರೂ ಅವರನ್ನು ‘ಜಜ್ಜಾ’ ಅನ್ನುತ್ತಿದ್ದರು, ಅಂದರೆ ಅಜ್ಜಿ. ಗರ್ಭಕೋಶದ ಕ್ಯಾನ್ಸರ್, ಕಾಲೆರಡೂ ಊದಿದ್ದವು. ಮೊಮ್ಮಗಳು ಮಂಡಿಯೂರಿ ನಮಗೆ ನಮಸ್ಕಾರ ಹೇಳಿ, ಒಂದು ಪುಟ್ಟ ಬುಟ್ಟಿಯಲ್ಲಿ ಒಣಗಿದ ಕಾಫಿಕಾಯಿ ತಂದಿಟ್ಟಳು. ಕಾಫಿ ಮಾಡಿಕೊಡುವ ಮುಂಚೆ ಕಾಳು ತೋರಿಸುತ್ತಿದ್ದಾರೆ ಅಂದುಕೊಂಡು, ‘ಚೆನ್ನಾಗಿದೆ’ ಅಂತ ಹೊಗಳಿ ಬುಟ್ಟಿ ವಾಪಸ್ ಕೊಟ್ಟೆ. ಎಲ್ಲರೂ ಮುಖ ಮುಖ ನೋಡಿಕೊಂಡರು. ಅದು ಅಗಿಯಲು ಕೊಟ್ಟದ್ದು! ನಮ್ಮಲ್ಲಿ ಬಂದವರಿಗೆ ಎಲೆಅಡಿಕೆ ಕೊಡುತ್ತೇವಲ್ಲ, ಅವರು ಕಾಫಿಕಾಯಿ ಕೊಡುತ್ತಾರೆ. ತಪ್ಪಾಯಿತೆಂದು ಎರಡು ಬಾಯಿಗೆ ಹಾಕಿಕೊಂಡೆ. ಜಜ್ಜಾ ನಕ್ಕು, ಒಂದು ಹಿಡಿ ನನ್ನ ಕರವಸ್ತ್ರಕ್ಕೆ ಕಟ್ಟಿಸಿದರು.

ನಮುಬಿರು ಔಷಧ ನೋಡಿದರು, ಕಾಲು ಒರೆಸಿದರು, ಹರಟೆ ಹೊಡೆದರು. ಹೊರಡುವ ಹೊತ್ತಾಯಿತು. ನನ್ನ ಕಿವಿ ನೆಟ್ಟಗಾಯಿತು. ಈಗ ಏನು ಹೇಳುತ್ತಾರೆ ನೋಡೋಣ!

ಅವರು ಏನೂ ಹೇಳುವ ಮುಂಚೆಯೇ ಜಜ್ಜಾ ಏನೋ ಅಂದರು. ಮೊಮ್ಮಗಳು ಇಂಗ್ಲಿಷಿಗೆ ತಿರುಗಿಸಿದಳು: ‘ನಿಮ್ಮನ್ನು ತಳ್ಳುತ್ತಾರಂತೆ.’

ಕಾಫಿ ಬುಟ್ಟಿ ವಾಪಸ್ ಕೊಟ್ಟ ಸಿಟ್ಟು ಇನ್ನೂ ಇದೆಯಲ್ಲಪ್ಪ, ಕುತ್ತಿಗೆ ಹಿಡಿದು ದಬ್ಬುತ್ತಾರೆ ಅಂತ ಗಾಬರಿಯಾದೆ. ನಮುಬಿರು ಬಿಡಿಸಿ ಹೇಳಿದರು. ಅವರಲ್ಲಿ ನೆಂಟ ಹೊರಟರೆ ಮನೆಯವರು ಬಾಗಿಲಲ್ಲಿ ನಿಂತು ಕೈ ಬೀಸುವುದಿಲ್ಲ. ದಾರಿಯ ತಿರುವಿನವರೆಗೆ ಜೊತೆಗೆ ನಡೆದು ಬಿಟ್ಟುಬರುತ್ತಾರೆ. ಅದಕ್ಕೆ ಅವರ ಇಂಗ್ಲಿಷಿನಲ್ಲಿ ‘ತಳ್ಳುವುದು’ ಅನ್ನುತ್ತಾರೆ. ಜಜ್ಜಾಗೆ ಈಗ ನಡೆಯಲಾಗುವುದಿಲ್ಲ. ಹಾಗಾದರೆ ಹೇಗೆ?

ನಮುಬಿರು ಜಜ್ಜಾಗೆ ಬೆನ್ನು ಮಾಡಿ ಚಾಪೆಯ ಮೇಲೆ ಕೂತರು. ಮುದುಕಿ ಕೈಯೆತ್ತಿ ಅವರ ಬೆನ್ನಿನ ಮೇಲಿಟ್ಟು ಮೆಲ್ಲಗೆ ಮುಂದಕ್ಕೆ ನೂಕಿದರು. ನಮುಬಿರು ಎದ್ದು ನಿಂತರು. ನನ್ನ ಸರದಿ. ನಾನೂ ಬೆನ್ನು ಮಾಡಿ ಕೂತೆ. ಬೆನ್ನ ಮೇಲೆ ಬಿದ್ದ ಆ ಕೈಗೆ ತೂಕವೇ ಇರಲಿಲ್ಲ, ಆದರೆ ನನಗೆ ಅಳು ಒತ್ತರಿಸಿಕೊಂಡು ಬಂತು. ಯಾರದೋ ಊರು, ಯಾರದೋ ಅಜ್ಜಿ. ಅತ್ತರೂ ನಾಚಿಕೆಯಿಲ್ಲ.

ಅಂಗಳ ದಾಟಿದ ಮೇಲೆ ಕೇಳಿದೆ: ‘ಮತ್ತೆ ಬರುತ್ತೇನೆ ಅಂತ ನೀವು ಹೇಳುವುದಿಲ್ಲವೇ?’

‘ನಾನು ಹೇಳುವುದೇನಿದೆ? ಮನೆ ಅವರದು. ಕಳಿಸುವವರು ಅವರು’ ಅಂದರು ನಮುಬಿರು. ‘ಹಾಸಿಗೆ ಹಿಡಿದ ಮೇಲೆ ಊಟ, ಔಷಧ, ಮಾತು ಎಲ್ಲ ನಾವೇ ಕೊಡುತ್ತೇವೆ. ಅವರ ಕೈಯಲ್ಲಿ ಇನ್ನೂ ಉಳಿದಿರುವ ಕೆಲಸ ಇದೊಂದು.’

ಆಗ ನೆನಪಾಯಿತು ನೋಡಿ. ನಮ್ಮಲ್ಲೂ ‘ಬತ್ತೀನಿ’ ಅನ್ನುವುದು ಅರ್ಧ ಮಾತು. ಮನೆಯವರು ‘ಹೋಗ್ಬಾ’ ಅಂದ ಮೇಲೆಯೇ ಅದು ಪೂರ್ತಿಯಾಗುವುದು. ಅಲ್ಲಿಯವರೆಗೆ ಹೊಸಿಲ ಮೇಲೆ ಕಾಲಿಟ್ಟವನೂ ನಿಲ್ಲುತ್ತಾನೆ. ನಾನು ಇಷ್ಟು ವರ್ಷ ನರ್ಸು ಏನು ಹೇಳಬೇಕು ಅಂತ ಮಾತ್ರ ಯೋಚಿಸಿದ್ದೆ. ರೋಗಿ ಹೇಳುವ ಅರ್ಧವನ್ನು ನಮ್ಮ ತರಬೇತಿಯಲ್ಲಿ ಯಾರೂ ಕಲಿಸಿರಲಿಲ್ಲ, ನಾನೂ ಕೇಳಿರಲಿಲ್ಲ.

ನಮುಬಿರು ಕೊನೆಯ ದಿನ ನನ್ನನ್ನು ಗೇಟಿನಾಚೆ ರಸ್ತೆಯ ತಿರುವಿನವರೆಗೆ ನಡೆದು ಬಿಟ್ಟರು. ‘ಬೀರುವಿನ ಬೀಗ ಭದ್ರ’ ಅಂದೆ. ‘ಹೋಗ್ಬಾ’ ಅಂದರು ಕನ್ನಡದಲ್ಲಿ. ನಾನೇ ಕಲಿಸಿದ್ದೆ.

ಹಳೇಬೀಡು, ಬೇಲೂರು, ಬಿಕ್ಕೋಡು

ಮನೆಯಲ್ಲಿ ಪೆಟ್ಟಿಗೆ ಇಳಿಸಿ ಸ್ನಾನ ಮಾಡಿದವನೇ ಬಸ್ಸು ಹತ್ತಿದೆ. ‘ಬಂದು ಇನ್ನೂ ಕಾಲು ಕೆಳಗಿಟ್ಟಿಲ್ಲ, ಆಗ್ಲೇ ಎಲ್ಲಿಗ್ಲಾ?’ ಅಂದರು ಅಮ್ಮ. ‘ಬತ್ತೀನಿ’ ಅಂದೆ. ‘ಹೋಗ್ಬಾ, ಇನ್ನೇನ್ ಹೇಳ್ಲಿ’ ಅಂದರು. ಆ ಮಾತು ಅವತ್ತು ಕಿವಿಗೆ ಹೊಸದಾಗಿ ಕೇಳಿಸಿತು.

ಹಳೇಬೀಡಿನಲ್ಲಿ ಚೈತ್ರಾ ಹತ್ತಿಕೊಂಡಳು. ಬಸ್ತಿಹಳ್ಳಿಯ ಬಸದಿ ನೋಡಲು ಬಂದಿದ್ದ ಕಾಲೇಜು ಹುಡುಗಿಯರ ಗುಂಪೂ ಹತ್ತಿತು. ಅವರ ಗಲಾಟೆಯ ನಡುವೆ ಇವಳೊಬ್ಬಳು ಮುಖ ಬಾಡಿಸಿಕೊಂಡು ಕೂತಳು.

‘ನಾನು ಹೊರಗಡೆನೇ ನಿಂತಿರ್ತೀನಿ ಸರ್. ನನ್ನ ನೋಡಿದ್ರೆ ಅವರಿಗೆ ಸಿಟ್ಟು ಬರುತ್ತೆ.’

‘ನೀನೇ ಮೊದಲು ಬರ್ಬೇಕು ಕಣಮ್ಮ’ ಅಂದೆ.

ಬೇಲೂರಿನಲ್ಲಿ ಡಾಕ್ಟರ ಸಹಿ ಮಾಡಿಸಿ ಮಾತ್ರೆ ತೆಗೆದುಕೊಂಡೆವು. ದೇವಸ್ಥಾನದ ಮುಂದೆ ಪ್ರವಾಸಿಗರು ಕತ್ತೆತ್ತಿ ನೋಡುತ್ತಿದ್ದರು. ನಾನೂ ಈಗಷ್ಟೇ ಅವರಂತೆ ಪರಊರಿನಲ್ಲಿ ಕತ್ತೆತ್ತಿಕೊಂಡು ಓಡಾಡಿ ಬಂದವನು ಅಂತ ಯಾರಿಗೂ ಗೊತ್ತಿರಲಿಲ್ಲ.

ಬಿಕ್ಕೋಡಿನ ಲೈನು ಮನೆಯ ಮುಂದೆ ಚಂದ್ರನ ಜೀಪು ನಿಂತಿತ್ತು. ನಮ್ಮನ್ನು ಕಂಡವನೇ ಹೊಸಿಲಿಗೆ ಅಡ್ಡ ಬಂದ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಗಿತ್ತು.

‘ಸಾರ್, ನಾನ್ ಹೇಳಿದ್ನೋ ಇಲ್ವೋ? ಈ ವುಡ್ಗಿ ಒಳಕ್ ಬರಂಗಿಲ್ಲ.’

ಒಳಗಿನಿಂದ ಕೀರಲು ದನಿ ಬಂತು: ‘ಯಾರ್ಲಾ ಅದು ಚಂದ್ರ? ಸಿಸ್ಟ್ರಪ್ಪನೇನ್ಲಾ?’

‘ಯಾರೂ ಇಲ್ಲ ಕಣಕ್ಕ, ಮನಿಕೊ.’

‘ಇಲ್ದೋರ್ ಕುಟ್ಟೆ ಯಾಕ್ಲಾ ಮಾತಾಡ್ತಿದ್ದೀಯ? ಒಳಕ್ ಬುಡು. ವಾರದಿಂದ ಬೆನ್ನು ಸೀಳೋಯ್ತಾ ಐತೆ.’

ಚಂದ್ರ ನಿಂತೇ ಇದ್ದ. ಆಮೇಲೆ ಪಕ್ಕಕ್ಕೆ ಸರಿದ. ಅಕ್ಕನ ಮಾತು ಮೀರಿದವನಲ್ಲ ಅವನು.

ದೇವೀರಮ್ಮ ಅರ್ಧಕ್ಕರ್ಧ ಇಳಿದುಹೋಗಿದ್ದರು. ಮಾತ್ರೆ ಕೊಟ್ಟು, ಅವರ ಪಕ್ಕದಲ್ಲೇ ಕೂತು ಕಾದೆವು. ಚೈತ್ರಾ ಬೆನ್ನಿಗೆ ಮೆತ್ತನೆಯ ದಿಂಬು ಕೊಟ್ಟು, ಒಣಗಿದ ತುಟಿಗೆ ನೀರು ಹಚ್ಚಿದಳು. ಹಲ್ಲು ಕಚ್ಚಿಕೊಂಡಿದ್ದ ಮುಖ ನಿಧಾನವಾಗಿ ಸಡಿಲವಾಯಿತು. ಕಣ್ಣು ಬಿಟ್ಟು, ‘ಎಲ್ಲಿಗ್ ಹೋಗಿದ್ದಪ್ಪಾ ಇಷ್ಟ್ ದಿನ?’ ಅಂದರು.

ಕರವಸ್ತ್ರ ಬಿಚ್ಚಿ ಜಜ್ಜಾ ಕೊಟ್ಟ ಕಾಫಿಕಾಯಿ ತೋರಿಸಿದೆ. ಒಂದನ್ನು ಮೂಗಿಗೆ ಹಿಡಿದು, ಉಗುರಿನಿಂದ ಸಿಪ್ಪೆ ಕೆದರಿದರು. ‘ರೊಬಸ್ಟಾ. ಬೇಯ್ಸಿ ಒಣಗ್ಸವ್ರೆ. ಯಾರೀ ಬುದ್ವಂತ್ರು?’ ಅಂದರು. ನಾನು ಜಜ್ಜಾ ಕಥೆ ಹೇಳಿದೆ. ಬುಟ್ಟಿ ವಾಪಸ್ ಕೊಟ್ಟದ್ದಕ್ಕೆ ನಕ್ಕರು. ಬೆನ್ನ ಮೇಲೆ ಕೈಯಿಟ್ಟು ತಳ್ಳಿದ್ದು ಹೇಳಿದಾಗ ನಗು ನಿಲ್ಲಿಸಿ ಕೇಳಿದರು.

‘ಆವಮ್ಮಂಗೂ ಇದೇ ಕಾಯಿಲೆನಾ?’

‘ಹೆಚ್ಚು ಕಮ್ಮಿ ಇದೇ ಅಕ್ಕ’ ಅಂದೆ. ಬಾಗಿಲ ಹತ್ತಿರ ನಿಂತಿದ್ದ ಚಂದ್ರ ಕೆಮ್ಮಿದ.

ಹೊರಡುವ ಹೊತ್ತಾಯಿತು. ಚೈತ್ರಾ ಬ್ಯಾಗು ಎತ್ತಿಕೊಂಡು ನಿಂತಳು. ಬಾಯಿ ತೆರೆದಳು, ಮುಚ್ಚಿದಳು. ಜಗಲಿಯ ಮೇಲೆ ಲೈನಿನ ಹೆಂಗಸರು ಆಗಲೇ ಬಂದು ಕೂತಿದ್ದರು. ನಾನು ಅಂದೆ:

‘ದೇವೀರಕ್ಕ, ಹೋದ್ಸಲ ಈ ಹುಡುಗಿ ನಿಮ್ಮ ಅಪ್ಪಣೆ ಕೇಳದೆ ಹೊರಟುಬಿಟ್ಟಳು. ಈ ಸಲ ನೀವೇ ಕಳಿಸಿಕೊಡಿ.’

ಅವರು ಚೈತ್ರಾಳನ್ನು ನೋಡಿದರು. ‘ಬಾ ಮಗ, ಕುತ್ಕೊ’ ಅಂದರು. ಚೈತ್ರಾ ಬೆನ್ನು ಮಾಡಿ ಕೂತಳು. ದೇವೀರಮ್ಮ ಕೈಯಿಟ್ಟು ನೂಕಿದರು. ‘ಹೋಗ್ಬಾವ್ವ. ಅವತ್ತು ನನ್ನೇ ಸಾಯಿಸ್ಬುಟ್ಟಿದ್ಯಲ್ಲೇ. ನನ್ ಹೆಣಕ್ಕೆ ಯಾರ್ಯಾರು ಅಳ್ತಾರೆ ಅಂತ ಬದುಕಿದ್ದಾಗ್ಲೇ ಕೇಳ್ದಂಗಾತು. ಆ ಕೆಂಪಿ ಅಳನೇ ಇಲ್ಲ ನೋಡು!’

ಜಗಲಿಯಿಂದ, ‘ಅಯ್ಯೋ, ನಾನೂ ಅತ್ತೆ ಕಣಕ್ಕೋ’ ಅಂತ ಯಾರೋ ಕೂಗಿದರು. ಎಲ್ಲರೂ ನಕ್ಕರು. ಚೈತ್ರಾ ಕಣ್ಣೊರೆಸಿಕೊಂಡು ‘ಬರ್ತೀನಿ ಅಮ್ಮಾ’ ಅಂದಳು, ಗಟ್ಟಿಯಾಗಿ, ಜಗಲಿಗೆ ಕೇಳುವಂತೆ.

ನಾನೂ ಬೆನ್ನು ಮಾಡಿದೆ. ಅವರು ತಳ್ಳಲಿಲ್ಲ. ಕೈ ನನ್ನ ಬೆನ್ನ ಮೇಲಿಟ್ಟುಕೊಂಡೇ ತಮ್ಮನ ಕಡೆ ತಿರುಗಿದರು.

‘ಹೋಗೋಳು ನಾನು. ಇವ್ರೆಲ್ಲಾ ಬತ್ತೀನಿ ಬತ್ತೀನಿ ಅಂತಾವ್ರೆ. ಚಂದ್ರಾ, ನಾನ್ ಬತ್ತೀನಿ ಕಣ್ಲಾ.’

ಏನೂ ಗೊತ್ತಿಲ್ಲ, ಗೊತ್ತಾಗಬಾರದು ಅಂತ ಅವನು ಬಾಗಿಲು ಹಾಕಿ ಕಾದಿದ್ದ ಅಕ್ಕನಿಗೆ ಎಲ್ಲವೂ ಗೊತ್ತಿತ್ತು.

‘ಸುಮ್ಕಿರಕ್ಕ, ಬಾಯಿಗ್ ಬಂದಂಗ್ ಮಾತಾಡ್ಬ್ಯಾಡ’ ಅಂದು ಚಂದ್ರ ಹೊರಗೆ ನಡೆದ. ‘ಬನ್ನಿ ಸಾರ್, ಬಸ್ ಸ್ಟ್ಯಾಂಡಿಗೆ ಬುಡ್ತೀನಿ.’

ದೇವೀರಮ್ಮ ನನ್ನ ಬೆನ್ನು ನೂಕಿದರು. ನಾವು ಹೋಗಿ ಜೀಪಿನಲ್ಲಿ ಕೂತೆವು. ಚಂದ್ರ ಸ್ಟಾರ್ಟ್ ಮಾಡಿದ. ಗೇರು ಹಾಕಲಿಲ್ಲ. ಸ್ಟೀರಿಂಗ್ ಹಿಡಿದು ಮುಂದೆ ನೋಡುತ್ತ ಕೂತ. ಇಂಜಿನ್ ಸುಮ್ಮನೆ ಓಡುತ್ತಿತ್ತು. ಕೊನೆಗೆ ಆಫ್ ಮಾಡಿ ಇಳಿದು, ಒಂದೇ ಓಟಕ್ಕೆ ಒಳಗೆ ಹೋದ. ಬಾಗಿಲು ಹಾಕಿಕೊಳ್ಳಲಿಲ್ಲ. ನಮಗೆ ಅಲ್ಲಿಂದಲೇ ಎಲ್ಲ ಕೇಳಿಸಿತು.

‘ಹೋಗ್ಬಾ ಅಕ್ಕ’ ಅಂದ. ‘ನಾನಿವ್ನಿ, ಎಲ್ಲಾ ನೋಡ್ಕತ್ತೀನಿ. ನೀನು ನೋವು ತಿನ್ಕಂಡ್ ಇರ್ಬ್ಯಾಡ. ಹೋಗ್ಬಾ.’

ಅವನು ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ದೇವೀರಮ್ಮನ ದನಿ ಬಂತು.

‘ಆಗ್ಲಿ ಕಣಪ್ಪ, ಹೋಗ್ತೀನಿ. ಈಗಿಂದೀಗ್ಲೇ ಅಲ್ಲ. ಮೊದ್ಲು ಅವ್ರುನ್ನ ಬಸ್ಸಿಗ್ ಬುಟ್ಬುಟ್ಟು ಬಾ, ಓಗು.’